ಜಾಕೆಟ್ ಮೇಲೆ ಕೂತವನ ಮಾತು

ನಮ್ಮ ಹೈದರಾಬಾದಿಗೆ ಸಮುದ್ರ ಇಲ್ಲ. ಆದರೆ ಸಾಗರಗಳಿಗೆ ಬರ ಇಲ್ಲ ನೋಡಿ! ಊರ ನಡುವೆ ಹುಸೇನ್ ಸಾಗರ, ಆಚೆಗೆ ಹಿಮಾಯತ್ ಸಾಗರ, ಉಸ್ಮಾನ್ ಸಾಗರ, ಇನ್ನೂ ಬೇಕು ಅಂದರೆ ಕಾರು ಹತ್ತಿ ನಾಗಾರ್ಜುನ ಸಾಗರ. ಗಂಗೊಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಮೊದಮೊದಲು ನಗು ಬರುತ್ತಿತ್ತು. ಕೆರೆಗೆ ಸಾಗರ ಅಂತ ಹೆಸರಿಟ್ಟುಕೊಂಡ ಜನ ನಿಜವಾದ ಕಡಲು ನೋಡಿದರೆ ಏನಂತಾರೋ ಅಂತ.

ನಾನು ಇಲ್ಲಿಗೆ ಕೆಲಸಕ್ಕೆ ಬಂದದ್ದು 1991ರಲ್ಲಿ. ಆಗ ಹುಸೇನ್ ಸಾಗರದ ಬುದ್ಧ ನಿಂತಿರಲಿಲ್ಲ, ನೀರಿನ ತಳದಲ್ಲಿ ಮಲಗಿದ್ದ. 1990ರ ಮಾರ್ಚ್ 10ರಂದು ಆ ಏಕಶಿಲಾ ಮೂರ್ತಿಯನ್ನು ಬಾರ್ಜ್ ಮೇಲಿಟ್ಟು ಕೆರೆಯ ನಡುವಿನ ಕಟ್ಟೆಗೆ ಸಾಗಿಸುವಾಗ ಮೂರ್ತಿ ಜಾರಿ ನೀರಿಗೆ ಬಿತ್ತು. ಜೊತೆಗಿದ್ದ ಕೆಲಸಗಾರರು ಹಲವರು ಸತ್ತರು. 1992ರ ಡಿಸೆಂಬರ್ 1ಕ್ಕೆ ಬುದ್ಧ ಎದ್ದು ನಿಂತ. ಆಮೇಲೆ ಊರಿನಿಂದ ಯಾರೇ ನೆಂಟರು ಬಂದರೂ ಚಾರ್ಮಿನಾರ್, ಸಾಲಾರ್ ಜಂಗ್, ಬಿರಿಯಾನಿ, ಕೊನೆಗೆ ಲುಂಬಿನಿ ಪಾರ್ಕಿನಿಂದ ಬೋಟು ಹತ್ತಿಸಿ ಬುದ್ಧನ ಪಾದದವರೆಗೆ ಒಂದು ಸುತ್ತು. ಮೂವತ್ತು ವರ್ಷಗಳಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಆ ಬುದ್ಧ ಎರಡು ವರ್ಷ ಯಾಕೆ ನೀರಿನಲ್ಲಿದ್ದ ಅಂತ ನೆಂಟರಿಗೆ ಕಥೆ ಹೇಳುವಾಗಲೂ, ನಾನು ಕೂತಿರುವುದೂ ಒಂದು ಬೋಟಿನಲ್ಲಿ ಅನ್ನುವುದು ನನಗೆ ಹೊಳೆದದ್ದಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ.

ಇಲ್ಲಿ ನಮ್ಮದೊಂದು ಗುಂಪಿದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಗಳಲ್ಲಿ ಪರಿಚಯವಾಗಿ, ಆಮೇಲೆ ಕಾರ್ಯಕ್ರಮಕ್ಕಿಂತ ಹೊರಗಿನ ಚಹಾದಂಗಡಿಯಲ್ಲಿ ಹೆಚ್ಚು ಹೊತ್ತು ಕಳೆದವರು. ಧಾರವಾಡದ ರಾಯರು, ಬೀದರಿನ ಗೆಳೆಯ, ರಾಯಚೂರು ಕಡೆಯ ಒಬ್ಬರು ರಿಟೈರ್ಡ್ ಗಣಿತ ಮೇಷ್ಟ್ರು, ಅವರವರ ಮನೆಯವರು. ಇವರ್ಯಾರಿಗೂ ಕಡಲು ಗೊತ್ತಿಲ್ಲ. ಕಡಲು ಅಂದರೆ ನಾನೇ ಅಥಾರಿಟಿ. ಮುಂಗಾರಿನ ಕಡಲು ಹೇಗೆ ಕೂಗುತ್ತದೆ, ತೂಫಾನ್ ಎದ್ದರೆ ದಕ್ಕೆಯಲ್ಲಿ ಬೋಟುಗಳು ಹೇಗೆ ಒಂದಕ್ಕೊಂದು ತಾಗಿಕೊಂಡು ನಿಲ್ಲುತ್ತವೆ, ಜೂನ್ ಜುಲೈಯಲ್ಲಿ ಯಾಂತ್ರಿಕ ಬೋಟು ಯಾಕೆ ಕಡಲಿಗಿಳಿಯುವುದಿಲ್ಲ... ಹೀಗೆ ವರ್ಷಾನುಗಟ್ಟಲೆ ಕೊರೆದಿದ್ದೇನೆ. ನಿಜ ಹೇಳಬೇಕೆಂದರೆ (ಇದನ್ನು ಅವರಿಗೆ ಯಾವತ್ತೂ ಹೇಳಿರಲಿಲ್ಲ) ನಮ್ಮಪ್ಪನದು ಅಕ್ಕಿ ಅಂಗಡಿ. ನಾನು ಈಜು ಕಲಿತದ್ದು ದೇವಸ್ಥಾನದ ಕೆರೆಯಲ್ಲಿ. ಕಡಲಿನ ಮೇಲೆ ಒಟ್ಟು ಹೋದದ್ದು ನಾಲ್ಕೋ ಐದೋ ಸಲ. ಉಳಿದದ್ದೆಲ್ಲ ದಡದ ಮೇಲೆ ನಿಂತು ನೋಡಿದ ಜ್ಞಾನ.

ಕಾಚಿಗುಡ-ಮಂಗಳೂರು ರೈಲನ್ನು 2024ರಲ್ಲಿ ಮುರುಡೇಶ್ವರದವರೆಗೆ ವಿಸ್ತರಿಸಿದ ಮೇಲೆ ನಮಗೆ ಉಡುಪಿಗೆ ನೇರ ಗಾಡಿಯಾಯಿತು. ನೇರ ಅಂದರೆ ಹೇಗೆ? ಆಂಧ್ರ, ತಮಿಳುನಾಡು, ಕೇರಳ ಮೂರನ್ನೂ ತೋರಿಸಿಕೊಂಡು ಕರೆದುಕೊಂಡು ಹೋಗುವ ನೇರ! ಕಳೆದ ಜನವರಿಯಲ್ಲಿ ಎಲ್ಲರೂ ಅದರಲ್ಲೇ ಹೊರಟೆವು. ಬೀದರಿನವರ ಏಳು ವರ್ಷದ ಮೊಮ್ಮಗಳೂ ಜೊತೆಗಿದ್ದಳು. ಮಲ್ಪೆಯಲ್ಲಿ ನನ್ನ ಪರಿಚಯದವರ ಮೂಲಕ ಒಂದು ದಿನದ ಮಟ್ಟಿಗೆ ಸಣ್ಣ ಮೋಟಾರು ಬೋಟು ಗೊತ್ತು ಮಾಡಿದ್ದೆ. ಬೆಳಿಗ್ಗೆ ಸೇಂಟ್ ಮೇರೀಸ್ ದ್ವೀಪ, ಆಮೇಲೆ ದಡ ಹಿಡಿದು ಉತ್ತರಕ್ಕೆ ಕೋಡಿ ಬೆಂಗ್ರೆಯವರೆಗೆ, ಸಂಜೆ ವಾಪಸ್. ಹೀಗೆ ಪ್ಲಾನು.

ಬೋಟು ಹತ್ತುವ ಮೊದಲು ಹುಡುಗ ಎಲ್ಲರಿಗೂ ಒಂದೊಂದು ಲೈಫ್ ಜಾಕೆಟ್ ಕೊಟ್ಟ. ಕಿತ್ತಳೆ ಬಣ್ಣದ್ದು, ಒದ್ದೆ ಒಣಗಿ ಒದ್ದೆ ಒಣಗಿ ಮುಗ್ಗಲು ವಾಸನೆ. "ಇದರ ವಾಸನೀ ಏನಪಾ!" ಅಂದರು ರಾಯರು. ಒಂದರ ಬಕಲ್ ಮುರಿದಿತ್ತು. ಮಗುವಿಗೆ ಅಂತ ಸಣ್ಣ ಸೈಜು ಇರಲಿಲ್ಲ, ದೊಡ್ಡವರದ್ದೇ ಒಂದನ್ನು ತೊಡಿಸಿದರು. ಅದು ಅವಳ ಮೊಣಕಾಲಿನವರೆಗೆ ಬಂತು. ಎಲ್ಲರೂ ನಕ್ಕು ಫೋಟೋ ತೆಗೆದರು.

ಮುಂದಿನದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಬೋಟು ಬಂದರಿನಿಂದ ಹೊರಗೆ ಬಂದು ಐದು ನಿಮಿಷವೂ ಆಗಿರಲಿಲ್ಲ, ನಾನು ಜಾಕೆಟ್ ಬಿಚ್ಚಿ ಎರಡಾಗಿ ಮಡಚಿ ಅದರ ಮೇಲೆ ಕೂತೆ. ಹಲಗೆ ಗಟ್ಟಿಯಾಗಿತ್ತು, ಜಾಕೆಟ್ ಮೆತ್ತಗಿತ್ತು. ಅಷ್ಟೇ ಕಾರಣ. ಉಳಿದವರು ನನ್ನ ಮುಖ ನೋಡಿದರು. ಕರಾವಳಿಯವನೇ ಬಿಚ್ಚಿದ ಮೇಲೆ ಏನು ಭಯ? ಒಬ್ಬೊಬ್ಬರಾಗಿ ಬಿಚ್ಚಿದರು. ಬೋಟಿನ ಹುಡುಗ "ಅಣ್ಣ, ಅದ್ ಕೂಕಂಬುಕ್ ಕೊಟ್ಟದ್ದಲ್ಲ" ಅಂತ ಮೆಲ್ಲಗೆ ಅಂದ. "ನಾನ್ ಗಂಗೊಳ್ಳಿಯವ ಮಾರಾಯ" ಅಂದೆ. ಅವನು ಸುಮ್ಮನಾದ. ಬಿಚ್ಚದೆ ಉಳಿದದ್ದು ಮೇಷ್ಟ್ರು ಒಬ್ಬರೇ. ಮೂರೂ ಬಕಲ್ ಹಾಕಿಕೊಂಡು, ಟೋಪಿ ಇಟ್ಟುಕೊಂಡು, ಪರೀಕ್ಷಾ ಹಾಲಿನ ಸೂಪರ್‌ವೈಸರ್ ಥರ ಕೂತಿದ್ದರು. ರಾಯರು ಅವರನ್ನು ಟ್ರಾಫಿಕ್ ಪೊಲೀಸ್ ಅಂತ ರೇಗಿಸಿದರು. "ನೀವು ಏನರ ಅನ್ರಿ, ನಾ ಹಾಕ್ಕೊಂಡೇ ಇರ್ತೀನಿ" ಅಂದು ಅವರು ಕಡಲಿನ ಕಡೆ ತಿರುಗಿದರು.

ಬೆಳಗಿನ ಕಡಲಿನ ಬಗ್ಗೆ ಏನು ಹೇಳಲಿ! ಜನವರಿಯ ಬೆಳಿಗ್ಗೆ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತದೆ. ಅಲೆ ಎನ್ನುವುದೇ ಇರುವುದಿಲ್ಲ, ತಟ್ಟೆಯಲ್ಲಿ ಎಣ್ಣೆ ಸುರಿದ ಹಾಗೆ. ದ್ವೀಪದ ಕಂಬಗಲ್ಲುಗಳನ್ನು ಮೇಷ್ಟ್ರು ಮುಟ್ಟಿ ಮುಟ್ಟಿ ನೋಡಿದರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಹೀಗೆ ಕಂಬ ಕಂಬವಾಗಿ ಸೀಳಿದ್ದು ಅಂತ ನಾನು ಹೇಳಿದೆ. ಅವರು ಒಂದು ಕಂಬದ ಮುಖಗಳನ್ನು ಎಣಿಸಿ, ಪಕ್ಕದ್ದನ್ನೂ ಎಣಿಸಿ, ಎರಡೂ ಒಂದೇ ಅಲ್ಲ ಅಂದರು. ಗಣಿತದವರು ನೋಡಿ. ಆಮೇಲೆ ತೆಂಗಿನ ಸಾಲು ಬಲಗಡೆಗೆ ಇಟ್ಟುಕೊಂಡು ಉತ್ತರಕ್ಕೆ ಹೊರಟೆವು. ಬೋಟಿನಲ್ಲೇ ಊಟ. ರಾಯರು ಹಾಡಿದರು. ಮಗು ನೀರಿಗೆ ಕೈ ಇಳಿಬಿಟ್ಟುಕೊಂಡು ಕೂತಿತ್ತು. ಮೂವತ್ತು ವರ್ಷ ಬಾಯಲ್ಲಿ ಹೇಳಿದ್ದನ್ನು ಕೊನೆಗೂ ತೋರಿಸಿದೆನಲ್ಲ ಅಂತ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಮೂರು ಗಂಟೆ ಹೊತ್ತಿಗೆ ಕೋಡಿ ಬೆಂಗ್ರೆಯ ಅಳಿವೆಯ ಎದುರಿಗೆ ಬಂದೆವು. ಸೀತಾ ಮತ್ತು ಸುವರ್ಣಾ ನದಿಗಳು ಕೂಡಿ ಕಡಲು ಸೇರುವ ಬಾಯಿ ಅದು. ಒಳಗೆ ಹೋದರೆ ಹೊಳೆ, ಕುದ್ರು, ತೆಂಗಿನ ತೋಟ. ಹೊರಗಿನಿಂದಲೇ ವಾಪಸ್ ಹೋಗುವುದು ಅಂತ ಮಾತಾಗಿತ್ತು. ಆದರೆ ಅಷ್ಟು ದೂರ ಬಂದು ಹೊಳೆ ತೋರಿಸದೆ ಹೋಗುವುದೇ? ಒಳಗೆ ಬಿಡು ಅಂದೆ. ಬೋಟಿನವನು ಬಾಯಿಯ ಕಡೆ ಸ್ವಲ್ಪ ಹೊತ್ತು ನೋಡಿದ. "ಇಳ್ತ ಇತ್ತ್ ಅಣ್ಣ, ಗಾಳಿಯೂ ಎದ್ದಿತ್. ಇವತ್ತ್ ಬ್ಯಾಡ."

"ಎಂತ ಆತಿಲ್ಲ ಮಾರಾಯ, ಹೋಪ" ಅಂದೆ. ಇನ್ನು ಐನೂರು ಸೇರಿಸಿ ಕೊಡುತ್ತೇನೆ ಅಂತಲೂ ಅಂದೆ.

ಕಡಲ ಬದಿಯಲ್ಲಿ ಬೆಳೆಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಮಧ್ಯಾಹ್ನದ ಮೇಲೆ ಗಾಳಿ ತಿರುಗಿ ಕಡಲಿನಿಂದ ದಡಕ್ಕೆ ಬೀಸಲು ಶುರುವಾಗುತ್ತದೆ, ಅಲೆಯನ್ನು ಒಳಗೆ ತಳ್ಳುತ್ತದೆ. ಅದೇ ಹೊತ್ತಿಗೆ ಇಳಿತ ಇದ್ದರೆ ಹೊಳೆಯ ನೀರೆಲ್ಲ ಆ ಕಿರಿದಾದ ಬಾಯಿಯಿಂದ ಹೊರಗೆ ನುಗ್ಗುತ್ತಿರುತ್ತದೆ. ಒಳಗೆ ಬರುವ ಅಲೆಗೂ ಹೊರಗೆ ಹೋಗುವ ನೀರಿಗೂ ಮರಳದಿಣ್ಣೆಯ ಮೇಲೆ ಮುಖಾಮುಖಿ. ಅಲೆ ಗಿಡ್ಡವಾಗಿ, ಕಡಿದಾಗಿ, ಒಂದರ ಹಿಂದೆ ಒಂದು ಏಳುತ್ತದೆ, ಅಲ್ಲೇ ಒಡೆಯುತ್ತದೆ. ಮೀನುಗಾರರು ನಡುಗಡಲಿಗಿಂತ ಅಳಿವೆಗೆ ಹೆದರುವುದು ಸುಮ್ಮನೆ ಅಲ್ಲ. ಇದೆಲ್ಲ ನನಗೆ ಗೊತ್ತಿಲ್ಲದ್ದೇ? ಚಹಾದಂಗಡಿಯಲ್ಲಿ ಇದನ್ನೂ ಕೊರೆದಿದ್ದೇನೆ!

ಮೊದಲನೇ ಅಲೆಗೆ ಬೋಟಿನ ಮೂತಿ ಮೇಲೆದ್ದು ದಬ್ ಅಂತ ಬಿತ್ತು. ಎರಡನೆಯದಕ್ಕೆ ನೀರು ಒಳಗೆ ಬಂತು. ಗಾಬರಿಯಾದ ರಾಯರು ಎದ್ದು ನಿಂತರು, ಅವರ ಜೊತೆ ಮೂವರು ಎದ್ದರು, ಎಲ್ಲರೂ ಎಡಗಡೆಗೆ ಸರಿದರು. ಬೋಟು ಆ ಕಡೆಗೇ ವಾಲಿತು. "ಕೂಕಣಿ! ಕೂಕಣಿ!" ಅಂತ ಬೋಟಿನವನು ಕಿರುಚಿದ. ಯಾರಿಗೂ ಅರ್ಥ ಆಗಲಿಲ್ಲ. ಕೂತ್ಕೊಳ್ಳಿ ಅಂತ ಹೇಳಬೇಕಾದವನು ನಾನು ಬಗ್ಗಿ ನನ್ನ ಜಾಕೆಟ್ ಎಳೆಯುತ್ತಿದ್ದೆ. ಅದು ಬರಲಿಲ್ಲ. ಒಂದು ಪಟ್ಟಿ ಹಲಗೆಯ ಕಾಲಿಗೆ ಸುತ್ತಿಕೊಂಡಿತ್ತು, ಮೇಲೆ ನಾನೇ ಕೂತಿದ್ದೆ. ಎದ್ದರೆ ಬೀಳುತ್ತೇನೆ, ಕೂತರೆ ಜಾಕೆಟ್ ಬರುವುದಿಲ್ಲ. ಎದುರಿಗೆ ಮಗು ಅಜ್ಜಿಯ ಮಡಿಲಲ್ಲಿತ್ತು. ಅವಸರದಲ್ಲಿ ಅಜ್ಜಿ ಅದಕ್ಕೆ ಜಾಕೆಟ್ ತೊಡಿಸಲು ಹೋದರೆ ಅದು ಭುಜದ ಮೇಲೆ ನಿಲ್ಲದೆ ತಲೆಯ ಮೇಲಕ್ಕೆ ಹೋಗುತ್ತಿತ್ತು. ಮೇಷ್ಟ್ರು ಎದ್ದಿರಲಿಲ್ಲ. ಕೂತಲ್ಲಿಂದಲೇ ಎರಡು ಕೈ ಚಾಚಿ ಮಗುವನ್ನು ಎಳೆದುಕೊಂಡು ತಮ್ಮ ಜಾಕೆಟಿಗೆ ಅವುಚಿ ಹಿಡಿದುಕೊಂಡರು.

ಎಷ್ಟು ಹೊತ್ತು? ಎರಡು ನಿಮಿಷ ಇರಬಹುದು, ಮೂರಿರಬಹುದು. ಆ ಹುಡುಗ ಬೋಟು ತಿರುಗಿಸುವ ತಪ್ಪು ಮಾಡಲಿಲ್ಲ, ಅದೇ ನಮ್ಮನ್ನು ಉಳಿಸಿದ್ದು. ಅಡ್ಡ ತಿರುಗಿದ್ದರೆ ಅಲೆ ಬದಿಗೆ ಹೊಡೆದು ಮಗುಚುತ್ತಿತ್ತು. ಒಂದು ಅಲೆಯ ಬೆನ್ನಿಗೆ ಬಿದ್ದು, ಅದನ್ನು ದಾಟದೆ, ಅದರಿಂದ ಹಿಂದೆಯೂ ಉಳಿಯದೆ, ಇಂಜಿನ್ನು ಕೂಗಿಸಿ ಇಳಿಸಿ ಕೂಗಿಸಿ ಇಳಿಸಿ ಒಳಗೆ ತಂದ. ಹೊಳೆ ನಿಶ್ಶಬ್ದವಾಗಿತ್ತು. ನಾವೂ. ವಾಪಸ್ ಕಡಲಿನಲ್ಲಿ ಬರುವ ಮಾತೇ ಇರಲಿಲ್ಲ. ಬೆಂಗ್ರೆಯಲ್ಲಿ ಇಳಿದು ಓಮ್ನಿ ಹಿಡಿದೆವು. ಅವನು ಬೋಟು ಅಲ್ಲೇ ಕಟ್ಟಿ, ನಾಳೆ ಬೆಳಿಗ್ಗೆ ತರುತ್ತೇನೆ ಅಂದ. ಐನೂರು ಕೊಟ್ಟೆ. ತೆಗೆದುಕೊಳ್ಳಲಿಲ್ಲ.

ರಾತ್ರಿ ರೂಮಿನಲ್ಲಿ ಮೇಷ್ಟ್ರು ಹೇಳಿದರು. ಅವರು 2019ರ ಆಗಸ್ಟಿನಲ್ಲಿ ಶಾಲೆಯ ಹಳೆಯ ಸಹೋದ್ಯೋಗಿಗಳ ಜೊತೆ ಗೋದಾವರಿಯ ಪಾಪಿಕೊಂಡಲು ನೋಡಲು ಲಾಂಚಿನಲ್ಲಿ ಹೋಗಿದ್ದರಂತೆ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಜಾಕೆಟ್ ಬಿಚ್ಚಿ ರಾಶಿ ಹಾಕಿ ಊಟ ಮಾಡಿದರಂತೆ. ಸುಖವಾಗಿ ಬಂದರು. ಮುಂದಿನ ತಿಂಗಳು, ಸೆಪ್ಟೆಂಬರ್ 15ರ ಭಾನುವಾರ, ಅದೇ ದಾರಿಯಲ್ಲಿ ಕಚ್ಚುಲೂರು ಹತ್ತಿರ ಪ್ರವಾಸಿಗರ ಲಾಂಚು ಮಗುಚಿತು. ಹೈದರಾಬಾದಿನಲ್ಲಿರುವವರಿಗೆ ನೆನಪಿರುತ್ತದೆ, ಸತ್ತವರಲ್ಲಿ ನಮ್ಮೂರಿನವರು, ವರಂಗಲ್ಲಿನವರು ಎಷ್ಟೋ ಜನ. ಲಾಂಚನ್ನು ಮೇಲೆತ್ತಲು ಅಕ್ಟೋಬರ್ 22ರವರೆಗೆ ಕಾಯಬೇಕಾಯಿತು, ಕಾಕಿನಾಡದ ಧರ್ಮಾಡಿ ಸತ್ಯಂ ತಂಡ ಹಗ್ಗ ಲಂಗರು ಹಾಕಿ ಎಳೆಯಿತು. ಬದುಕಿ ಬಂದವರು ಟೀವಿಯಲ್ಲಿ ಹೇಳಿದ್ದು: ಊಟದ ಹೊತ್ತು ಅಂತ ಹಲವರು ಜಾಕೆಟ್ ಬಿಚ್ಚಿದ್ದರು. "ಅವತ್ತಿನಿಂದ ಊಟಕ್ಕೂ ಬಿಚ್ಚಲ್ರಿ" ಅಂದರು ಮೇಷ್ಟ್ರು. ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ನಿಮ್ಮದು ಸಮುದ್ರದ ಊರು, ನಿಮಗ ನಾ ಏನ್ ಹೇಳ್ಲಿ?"

ಈ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ಬೋಟು ದುರಂತ ಆದಾಗಲೆಲ್ಲ ನಾವು ಏನು ಮಾಡುತ್ತೇವೆ? ಬೋಟಿನ ಮಾಲೀಕನಿಗೆ ಬೈಯುತ್ತೇವೆ, ಸರ್ಕಾರಕ್ಕೆ ಬೈಯುತ್ತೇವೆ. ಬೈಯಬೇಕಾದದ್ದೇ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅವರಲ್ಲಿ ಹಲವರು ಹಾವೇರಿ ಜಿಲ್ಲೆಯಿಂದ ದೇವರಿಗೆ, ಕಡಲು ನೋಡಲಿಕ್ಕೆ ಅಂತ ಬಂದವರು. ದೋಣಿಯಲ್ಲಿ ತುಂಬಬಾರದಷ್ಟು ಜನ ತುಂಬಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ, ಮೀನುಗಾರಿಕೆಯ ದೋಣಿಯನ್ನೇ ಪ್ರವಾಸಕ್ಕೆ ಅಂತ ಬದಲಾಯಿಸಿದ ಬೋಟು ಕತ್ತಲಾಗುವ ಹೊತ್ತಿಗೆ ಮುಳುಗಿ 22 ಜನ, ಅದರಲ್ಲಿ ಹೆಚ್ಚಿನವರು ಮಕ್ಕಳು. ಅದೂ ಅಳಿವೆಯ ಹತ್ತಿರವೇ. 2024ರ ಜನವರಿ 18ರಂದು ವಡೋದರದ ಹರಣಿ ಕೆರೆಯಲ್ಲಿ ಶಾಲೆಯ ಮಕ್ಕಳು. 1917ರ ಹಳೆಯ ಒಳನಾಡು ಹಡಗು ಕಾಯಿದೆಯನ್ನು ತೆಗೆದು 2021ರಲ್ಲಿ ಹೊಸದು ತಂದದ್ದೂ ಆಯಿತು. ಕಾಗದದ ಮೇಲೆ ಏನೂ ಕಡಿಮೆ ಇಲ್ಲ. ದುರಂತವಾದ ಮೇಲೆ ಕೆಲವು ದಿನ ಎಲ್ಲ ಬೋಟು ಬಂದ್, ಆಮೇಲೆ ಒಂದೊಂದಾಗಿ ಶುರು.

ಆದರೆ ನಮ್ಮ ಬೋಟಿನಲ್ಲಿ ಅವತ್ತು ಏನು ಕಡಿಮೆಯಿತ್ತು ಹೇಳಿ? ಜನ ಹೆಚ್ಚಿರಲಿಲ್ಲ. ಜಾಕೆಟ್ ಕೊಟ್ಟಿದ್ದ. ಬಿಚ್ಚಬೇಡಿ ಅಂದ. ಅಳಿವೆಗೆ ಹೋಗುವುದು ಬೇಡ ಅಂದ. ಮಗುವಿನ ಸೈಜು ಇರಲಿಲ್ಲ ಅನ್ನುವುದು, ಒಂದು ಬಕಲ್ ಮುರಿದಿತ್ತು ಅನ್ನುವುದು ಅವನ ತಪ್ಪು, ನಿಜ. ಉಳಿದದ್ದೆಲ್ಲ ನನ್ನದು. ಏನಾದರೂ ಆಗಿದ್ದರೆ ಪೇಪರಿನವರು ಬರೆಯುತ್ತಿದ್ದದ್ದು ಅವನ ಹೆಸರು, ಜೈಲಿಗೆ ಹೋಗುತ್ತಿದ್ದವನು ಅವನು. ಬೇಡ ಅಂದವನಿಗೆ ಐನೂರು ತೋರಿಸಿದ ಗಿರಾಕಿಯ ಬಗ್ಗೆ ಒಂದು ಸಾಲೂ ಬರುತ್ತಿರಲಿಲ್ಲ.

ಅದಕ್ಕೇ ನಾನು ಹೇಳುವುದು, ಬೋಟಿನಲ್ಲಿ ಎಲ್ಲರಿಗಿಂತ ಅಪಾಯದ ಮನುಷ್ಯ ಏನೂ ಗೊತ್ತಿಲ್ಲದವನಲ್ಲ. ಅವನು ಹೆದರಿಕೊಂಡು ಹೇಳಿದಂತೆ ಕೇಳುತ್ತಾನೆ. ಅಪಾಯ ನನ್ನಂಥವನದ್ದು. ಅರ್ಧ ಗೊತ್ತಿರುವವನು, ಊರು ಬಿಟ್ಟು ಮೂವತ್ತು ವರ್ಷವಾದರೂ ಊರಿನ ಹೆಸರು ಹೇಳಿ ಮೀಸೆ ತಿರುವುವವನು. ಹೊರಗೆ ಬಂದು ನೆಲೆಸಿದ ನಮ್ಮಲ್ಲಿ ಈ ಖಾಯಿಲೆ ಸ್ವಲ್ಪ ಜಾಸ್ತಿಯೇ. ಪರ ಊರಿನಲ್ಲಿ ನಮ್ಮ ಬಂಡವಾಳ ಅಂದರೆ ನಮ್ಮ ಊರಿನ ಕಥೆ. ಮಲೆನಾಡಿನವನು ಮಳೆಗೆ ಕೊಡೆ ಹಿಡಿಯುವುದಿಲ್ಲ, ಕಲಬುರಗಿಯವನು ಬಿಸಿಲಿಗೆ ಟೋಪಿ ಹಾಕುವುದಿಲ್ಲ, ಕರಾವಳಿಯವನು ಜಾಕೆಟ್ ಹಾಕುವುದಿಲ್ಲ. ಯಾರ ಮುಂದೆ ಈ ಶೌರ್ಯ? ನಮ್ಮನ್ನು ನಂಬಿ ಬಂದವರ ಮುಂದೆ!

ಮೀನುಗಾರರು ಹಾಕುತ್ತಾರೆಯೇ ಅಂತ ಕೇಳಬಹುದು. ಎಷ್ಟೋ ಜನ ಹಾಕುವುದಿಲ್ಲ, ಅದೂ ತಪ್ಪೇ. ಕಡಲು ಅವರನ್ನೂ ಬಿಟ್ಟಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರ ಜೊತೆ ಕಾಣೆಯಾದದ್ದು, ತಿಂಗಳುಗಟ್ಟಲೆ ಹುಡುಕಿ ಮುಂದಿನ ಮೇ ತಿಂಗಳಲ್ಲಿ ಮಾಲ್ವಣದ ಹತ್ತಿರ ಕಡಲಿನ ತಳದಲ್ಲಿ ಅದರ ಅವಶೇಷ ಸಿಕ್ಕಿದ್ದು ನಿಮಗೂ ಗೊತ್ತಿರಬಹುದು. ಅವರು ಹೊಟ್ಟೆಪಾಡಿಗೆ ಹೋಗುವವರು. ನಾವು ಚಕ್ಕುಲಿ ತಿನ್ನುತ್ತಾ ಹೋಗುವವರು. ಅವರ ಧೈರ್ಯವನ್ನು ನಾವು ಒಂದು ದಿನದ ಬಾಡಿಗೆಗೆ ತೆಗೆದುಕೊಳ್ಳುವುದು ಯಾವ ನ್ಯಾಯ?

ಇನ್ನು ಸೆಖೆ, ವಾಸನೆ, ಫೋಟೋ ಚೆನ್ನಾಗಿ ಬರುವುದಿಲ್ಲ, ನನಗೆ ಈಜು ಬರುತ್ತದೆ... ಈ ಯಾವ ಮಾತಿಗೂ ಈಗ ನನ್ನಲ್ಲಿ ತಾಳ್ಮೆ ಇಲ್ಲ. ಹೈದರಾಬಾದಿನಲ್ಲಿ ಬೈಕಿನವರು ಹೆಲ್ಮೆಟ್ಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಹೋಗುತ್ತಾರಲ್ಲ, ಅದನ್ನು ನೋಡಿ ನಗುವವನು ನಾನು. ಕೆರೆಯಲ್ಲಿ ಕಲಿತ ಈಜು ಅಳಿವೆಯಲ್ಲಿ ಎರಡು ನಿಮಿಷಕ್ಕೂ ಬರುವುದಿಲ್ಲ. ಬೋಟು ಮಗುಚುವಾಗ ಸೀಟಿನ ಕೆಳಗಿನಿಂದ ಜಾಕೆಟ್ ತೆಗೆದು ಬಕಲ್ ಹಾಕುವಷ್ಟು ಪುರುಸೊತ್ತನ್ನು ನೀರು ಕೊಡುವುದಿಲ್ಲ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ.

ಜಾಕೆಟ್ ಕೊಡದ ಬೋಟು, ಮಗುವಿನ ಸೈಜು ಇಲ್ಲದ ಬೋಟು ಹತ್ತಬಾರದು. ಟಿಕೆಟ್ಟಿನ ದುಡ್ಡು ಹೋದರೆ ಹೋಯಿತು. ಬಕಲ್ ಹಾಕದ ಒಬ್ಬ ಇದ್ದರೂ ಇಂಜಿನ್ ಚಾಲೂ ಮಾಡಬೇಡ ಅಂತ ಬೋಟಿನವನಿಗೆ ಗಿರಾಕಿಯೇ ಹೇಳಬೇಕು, ಯಾಕೆಂದರೆ ಗಿರಾಕಿಗೆ ಹೇಳುವ ಧೈರ್ಯ ಅವನಿಗಿಲ್ಲ, ಅವನ ದಿನದ ದುಡಿಮೆ ನಮ್ಮ ಕೈಯಲ್ಲಿದೆ. ಅವನು ಬೇಡ ಅಂದರೆ ಡಾಕ್ಟರು ಬೇಡ ಅಂದ ಹಾಗೆ. ಡಾಕ್ಟರಿಗೆ ಐನೂರು ಸೇರಿಸಿ ಕೊಡುತ್ತೇನೆ, ಉಪ್ಪು ತಿನ್ನಲು ಬಿಡಿ ಅಂತ ಕೇಳುತ್ತೇವೆಯೇ?

ಊರಿಂದ ಬಂದ ಮೇಲೆ ಮೂರು ವಾರ ಚಹಾದಂಗಡಿಯಲ್ಲಿ ನಾನು ಕಡಲಿನ ಸುದ್ದಿ ಎತ್ತಲಿಲ್ಲ. ಅವರೂ ಕೇಳಲಿಲ್ಲ. ನಾಲ್ಕನೇ ಭಾನುವಾರ ಬೀದರಿನವರು ಬಂದವರೇ, ಮುಂದಿನ ಜನವರಿಗೆ ಮತ್ತೆ ಹೋಗೋಣ್ರಿ ಅಂದರು. ನನಗೆ ಆಶ್ಚರ್ಯ. ಮೊಮ್ಮಗಳ ಹಟವಂತೆ. ಅವಳಿಗೆ ಅಂತ ಮಕ್ಕಳ ಸೈಜಿನ ಜಾಕೆಟ್ ಆನ್‌ಲೈನಿನಲ್ಲಿ ತರಿಸಿದ್ದಾರೆ, ತೊಡೆಸಂದಿಯಲ್ಲಿ ಪಟ್ಟಿ ಇರುವಂಥದ್ದು, ತಲೆಯ ಮೇಲಕ್ಕೆ ಜಾರುವುದಿಲ್ಲ. ಬಂದ ದಿನದಿಂದ ಮನೆಯೊಳಗೆ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದಾಳಂತೆ, ಸ್ನಾನಕ್ಕೂ ಬಿಚ್ಚುವುದಿಲ್ಲವಂತೆ.

"ನಿಮಗೂ ಒಂದು ತರಿಸ್ಲೇನ್ರಿ?" ಅಂದರು ನನ್ನನ್ನು. ಮೇಷ್ಟ್ರು ತಲೆ ಎತ್ತದೆ ಚಹಾ ಊದುತ್ತಾ, "ಇವರಿಗೆ ಎರಡು ತರಿಸ್ರಿ. ಒಂದು ಹಾಕ್ಕೊಳ್ಳಾಕ, ಒಂದು ಕುಂದ್ರಾಕ" ಅಂದರು.